ಪೈಲ್ವಾನನನ್ನು ಕೆಡವುವ ಮಗು

ಕುಸ್ತಿಪಟುವಾಗಿದ್ದು ನಟನಾದ ಡ್ವೇನ್ ಜಾನ್ಸನ್ ಅಭಿನಯದ ‘ದ ಗೇಮ್ ಪ್ಲಾನ್’ (2007) ಚಿತ್ರದಲ್ಲಿ, ಕ್ವಾರ್ಟರ್‌ಬ್ಯಾಕ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನೆಸೆದು ದಾಳಿಯನ್ನು ಮುನ್ನಡೆಸುವ ಆಟಗಾರನೊಬ್ಬ, ಬಾಗಿಲಿಗೆ ಬಂದು ನಿಂತ ಎಂಟು ವರ್ಷದ ಮಗಳಿಂದಾಗಿ ತಾನು ತಂದೆಯೆಂದು ಅರಿಯುತ್ತಾನೆ; ಆಕೆಯೋ ಅವನ ಬುಲ್‌ಡಾಗ್ ನಾಯಿಗೂ ಬ್ಯಾಲೆ ನೃತ್ಯದ ಲಂಗ ತೊಡಿಸುತ್ತಾಳೆ. ಎದುರಾಳಿಗಳನ್ನು ಉರುಳಿಸುವ ದೇಹಬಲ ಮಗುವಿನ ಹಟದ ಮುಂದೆ ನಡೆಯದಿರುವುದೇ ಇಲ್ಲಿನ ನಗೆಯ ಮೂಲ.

ಎಸ್. ಕೃಷ್ಣ ನಿರ್ದೇಶನದ, ಸುದೀಪ್ ನಾಯಕರಾಗಿರುವ ‘ಪೈಲ್ವಾನ್’ (2019) ಬಲಶಾಲಿ ಮತ್ತು ಮಗುವಿನ ನಂಟಿನ ಈ ವಸ್ತುವಿಗೆ ಗಂಭೀರ ತಿರುವು ಕೊಡುತ್ತದೆ: ಅಲ್ಲಿ ಅನಾಥ ಬಾಲಕನನ್ನು ಸಾಕಿ ಕುಸ್ತಿ ಕಲಿಸಿದ ಗುರುವೇ, ಅಂದರೆ ಸುನೀಲ್ ಶೆಟ್ಟಿಯವರ ಸರ್ಕಾರ್ ಪಾತ್ರವೇ, ತಂದೆಯ ಸ್ಥಾನದಲ್ಲಿ ನಿಲ್ಲುತ್ತದೆ.

ತೆರೆಯ ಹೊರಗೂ ಇಂಥ ಕಥೆಗಳಿವೆ: ಬೀದರ್, ಭಾಲ್ಕಿ, ಔರಾದ್ ಕಡೆಯ ಜಾತ್ರೆಗಳಲ್ಲಿ, ತೆಂಗಿನಕಾಯಿಯ ಬಹುಮಾನಕ್ಕಾಗಿ ಚಿಕ್ಕ ಹುಡುಗರ ಜೋಡಿಗಳು ಅಖಾಡಕ್ಕೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಯುವಾಗ ಅಂಚಿನಲ್ಲಿ ನಿಂತ ಅಪ್ಪಂದಿರ ಚಡಪಡಿಕೆಯಲ್ಲಿ ಒಂದು ಕೌಟುಂಬಿಕ ಹಾಸ್ಯಚಿತ್ರಕ್ಕೆ ಬೇಕಾದಷ್ಟು ಸಾಮಗ್ರಿಯಿದೆ. ಬೀದರಿನ ಮಾತಿನಲ್ಲೇ ಅಂಥದೊಂದು ಚಿತ್ರ ಬರಬೇಕೆಂದು ಒಪ್ಪುವವರು, ಆ ಅಪ್ಪನ ಪಾತ್ರಕ್ಕೆ ಯಾವ ನಟ ಹೊಂದುತ್ತಾರೆಂಬುದನ್ನೂ ಸೂಚಿಸಬಹುದು.