ಟಿಟ್ಟಿಭವೂ ಸಮುದ್ರವೂ

ಬೇಲೂರು ತಾಲ್ಲೂಕಿನಲ್ಲಿ, ಮಾದಿಹಳ್ಳಿಯ ಸುತ್ತಿನಲ್ಲಾಗಲಿ ಹಳೇಬೀಡಿನಲ್ಲಾಗಲಿ, ಬೇಸಗೆ ಬಲಿತಂತೆ ಕೆರೆಗಳ ನೀರು ಹಿಂದೆ ಸರಿದು ಅಂಗಳ ಬಯಲಾಗುತ್ತದೆ. ದನಗಳಿಗೆ ಅದು ಹುಲ್ಲುಗಾವಲು, ಹುಡುಗರಿಗೆ ಆಟದ ಮೈದಾನ, ಟಿಟ್ಟಿಭಕ್ಕೆ ಬಾಣಂತಿಕೋಣೆ.

ಹೊಯ್ಸಳೇಶ್ವರನ ಗುಡಿಯ ಜಗತಿಯಲ್ಲಿ ಸಾಲುಗಟ್ಟಿರುವ ಕಲ್ಲಿನ ಆನೆ, ಸಿಂಹ, ಹಂಸಗಳನ್ನು ಕಣ್ತುಂಬ ನೋಡುವ ಯಾತ್ರಿಕರು ಪಕ್ಕದ ಕೆರೆಯತ್ತ ತಿರುಗುವುದು ವಿರಳ. ತಿರುಗಿದರೆ ಮೊದಲು ಕಾಣುವುದು ರೆಕ್ಕೆ ಹರಡಿ ಬಿಸಿಲಿಗೆ ಕುಳಿತ ನೀರುಕಾಗೆ. ಅದು ಸೋಮಾರಿಯಲ್ಲ, ಅದರ ಗರಿ ನೀರು ಕುಡಿದು ತೊಯ್ಯುವುದರಿಂದ ಒಣಗಿಸಿಕೊಳ್ಳಲೇಬೇಕು. ಆದರೆ ನೋಡತಕ್ಕದ್ದು ಟಿಟ್ಟಿಭದ ಸಂಸಾರವೇ. ಕಣ್ಣಿನ ಮುಂದೆ ಕೆಂಪು ತೊಗಲಿನ ಮಡಿಕೆ, ಹಳದಿ ಕಾಲು, ಊರಿಗೆಲ್ಲ ಕೇಳುವ ಗಂಟಲು. ಆಕಾಶ ಬಿದ್ದೀತೆಂದು ಅಂಜಿ ಕಾಲು ಮೇಲೆತ್ತಿ ಮಲಗುವ ಹಕ್ಕಿಯೆಂದು ಜನ ಅದನ್ನು ನಗೆಯಾಡುವುದುಂಟು. ಪಾಪ, ಹಾಗೆ ಮಲಗಲು ಅದಕ್ಕೆ ಪುರಸತ್ತಾದರೂ ಎಲ್ಲಿ?

ಗೂಡೆಂದರೆ ಬರಿಯ ನೆಲದ ಮೇಲೊಂದು ತಗ್ಗು, ಸುತ್ತ ನಾಲ್ಕು ಕಲ್ಲುಚೂರು. ಮಣ್ಣಿನ ಬಣ್ಣದ, ಕಪ್ಪು ಮಚ್ಚೆಯ ಮೊಟ್ಟೆಗಳು ಸಾಮಾನ್ಯವಾಗಿ ನಾಲ್ಕು. ಗಂಡುಹೆಣ್ಣುಗಳೆರಡೂ ಸರದಿಯ ಮೇಲೆ ಕಾವು ಕೂರುತ್ತವೆ. ನಡುಹಗಲಿನ ಉರಿಯಲ್ಲಿ ಮೊಟ್ಟೆಗೆ ಬೇಕಾದದ್ದು ಕಾವಲ್ಲ, ತಂಪು. ಆಗ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ನಾಯಿ ಬಂದರೆ ಅರಚುತ್ತ ಅದರ ತಲೆಯ ಮೇಲೆಯೇ ಎರಗುತ್ತದೆ. ಮೇಯುತ್ತ ಬರುವ ಎಮ್ಮೆಯ ಮುಂದಾದರೋ, ರೆಕ್ಕೆ ಬಿಚ್ಚಿ ಅಡ್ಡ ನಿಲ್ಲುತ್ತದೆ. ಎಷ್ಟೋ ಸಲ ಎಮ್ಮೆಯೇ ದಾರಿ ಬಿಡುತ್ತದೆ.

ನೀರು ದಾರಿ ಬಿಡುವುದಿಲ್ಲ. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಸೆಳೆದೊಯ್ದಾಗ ದೂರು ಗರುಡನ ಮೂಲಕ ವಿಷ್ಣುವಿಗೆ ಮುಟ್ಟಿ, ಮೊಟ್ಟೆಗಳು ಮರಳಿ ದೊರೆತವು. ದೊಡ್ಡ ಕೆರೆಯನ್ನು ಕನ್ನಡಿಗರು ಸಮುದ್ರವೆಂದೇ ಕರೆದರು. ಹೊಯ್ಸಳರ ರಾಜಧಾನಿ ದೋರಸಮುದ್ರವಾದದ್ದು ಹೀಗೆ. ಈ ಸಮುದ್ರದ ಮೇಲೆ ದೂರು ಒಯ್ಯುವವರಿಲ್ಲ. ಇಂಥ ಕೆರೆಗಳ ಮೇಲೆ ಸುತ್ತುವ ಗರುಡನೋ, ಮರಿ ಕಂಡರೆ ತಾನೇ ಎತ್ತಿಕೊಂಡು ಹೋಗುವವನು!

ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ ಬೇಕು. ಮುಂಗಾರು ಜೂನ್ ತಿಂಗಳಲ್ಲಿ ಬರುತ್ತದೆ. ತಡವಾಗಿ ಇಟ್ಟ ಮೊಟ್ಟೆಗಳಿಗೆ ಅದು ಗೇಣುಗೇಣಾಗಿ ಏರುವ ನೀರಿನೊಡನೆ ಪಂದ್ಯ. ಮರಿ ಮೊದಲು ಬಂದರೆ ಗೆದ್ದಂತೆ. ಹುಟ್ಟಿದ ದಿನವೇ ಅದು ತಾಯಿಯ ಹಿಂದೆ ಓಡಬಲ್ಲದು. ನೀರು ಮೊದಲು ಬಂದರೆ, ಜೋಡಿ ಅಲ್ಲಿಯೇ ಸುತ್ತಿ ಸುತ್ತಿ ಕೂಗುತ್ತದೆ. ಬಳಿಕ ಏರಿಯಾಚೆಯ ಗಟ್ಟಿನೆಲದಲ್ಲಿ ಮತ್ತೆ ಕಲ್ಲುಚೂರು ಸರಿಸಲು ತೊಡಗುತ್ತದೆ.