ಆಯಿಯ ಮೀನಖಂಡ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮೂಳೆ ವಾರ್ಡು, ಆಷಾಢದ ಸಂಜೆ. ನೀವು ಸ್ಟೂಲಿನ ಮೇಲೆ ಕೂತಿದ್ದೀರಿ, ಮಂಚದ ಮೇಲೆ ನಿಮ್ಮ ಆಯಿ. ಬೆಳಗಿನ ಜಾವ ಮತ್ತಿಘಟ್ಟದ ಮನೆಯಲ್ಲಿ ಕೊಟ್ಟಿಗೆಗೆ ಹೊರಟವರು ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಬಳಿ ಎಲುಬು ಮುರಿದಿದೆ. ಶಿರಸಿಯವರೆಗೆ ಜೀಪು, ಅಲ್ಲಿಂದ ಮುಂಡಗೋಡದ ಮೇಲೆ ಆಂಬುಲೆನ್ಸು. ಆಪರೇಷನ್ ನಾಳೆ ಬೆಳಿಗ್ಗೆ.

ನೋಡಲು ಬಂದ ನೆಂಟರೆಲ್ಲ ‘ಅಲುಗಾಡದೆ ಮಲಗಿಸಿಡಿ’ ಎಂದು ಹೇಳಿ ಹೋದರು. ಅವರ ಅಕ್ಕರೆ ದೊಡ್ಡದು. ಆದರೂ ಈಗ ಆಯಿಗಿರುವ ದೊಡ್ಡ ಅಪಾಯ ಹುಟ್ಟುವುದು ಆ ಅಲುಗಾಡದಿರುವಿಕೆಯಿಂದಲೇ.

ನರ್ಸ್ ಬರುತ್ತಾಳೆ. “ಅಮ್ಮಾರ, ಕಾಲ್ ಎತ್ತಬ್ಯಾಡ್ರಿ. ಪಾದ ಅಷ್ಟ ಮುಂದ್ ಒತ್ರಿ, ಹಿಂದ್ ಎಳಕೋರಿ.”

“ನೋವಾಗ್ತು ತಂಗೀ.”

“ಛಲೋ ಕಾಲಿಂದ ಸುರು ಮಾಡೂಣ್ರಿ.”

ಆಯಿಯ ಮೀನಖಂಡದ ಮೇಲೆ ಕೈಯಿಡಿ. ಪಾದ ಆಡಿದಂತೆಲ್ಲ ಸ್ನಾಯು ಬಿಗಿದು ಸಡಿಲವಾಗುವುದು ಅಂಗೈಗೆ ತಿಳಿಯುತ್ತದೆ. ನಡೆಯುವಾಗ ಕಾಲಿನ ರಕ್ತವನ್ನು ಹಿಂಡಿ ಎದೆಯ ಕಡೆ ಏರಿಸುವುದು ಈ ಸ್ನಾಯುವೇ. ಅಭಿಧಮನಿಯೊಳಗಿನ ಪುಟ್ಟ ಕವಾಟಗಳು ಏರಿದ್ದು ಇಳಿಯದಂತೆ ತಡೆಯುತ್ತವೆ. ಮಲಗಿಯೇ ಇದ್ದರೆ ತೋಟದ ಬಸಿಗಾಲುವೆಯಲ್ಲಿ ಸೋಗೆ ಸಿಕ್ಕಿದ ಕಡೆ ನೀರು ನಿಲ್ಲುವಂತೆ, ಆ ಕವಾಟಗಳ ಸಂದಿಯಲ್ಲಿ ರಕ್ತ ನಿಲ್ಲುತ್ತದೆ. ಎಲುಬು ಮುರಿದಾಗ ರಕ್ತನಾಳಗಳಿಗೂ ಪೆಟ್ಟಾಗಿದೆ. ಸೋರುವುದನ್ನು ತಡೆಯಲೆಂದು ದೇಹ ರಕ್ತದ ಹೆಪ್ಪುಗಟ್ಟುವ ಗುಣವನ್ನೂ ಹೆಚ್ಚಿಸಿಕೊಂಡಿದೆ. ಮೂರೂ ಕೂಡಿದರೆ ಕಾಲಿನ ಆಳದಲ್ಲಿ ಹೆಪ್ಪು ಕಟ್ಟುತ್ತದೆ. ಅದರ ತುಂಡು ಕಳಚಿ ಹೃದಯದ ಬಲಭಾಗ ದಾಟಿ ಶ್ವಾಸಕೋಶದ ಧಮನಿಯಲ್ಲಿ ಸಿಕ್ಕಿಕೊಂಡರೆ, ಎದ್ದು ಬಚ್ಚಲಿಗೆ ಹೊರಟವರು ಅಲ್ಲೇ ಕುಸಿಯಬಹುದು. ‘ಆಪರೇಷನ್ ಚೆನ್ನಾಗೇ ಆಗಿತ್ತು, ಹಾರ್ಟ್ ಅಟ್ಯಾಕ್ ಆಯಿತು’ ಎಂದು ಊರು ಮಾತಾಡಿಕೊಳ್ಳುವ ಸಾವುಗಳಲ್ಲಿ ಇಂಥವೂ ಇರುತ್ತವೆ.

ಏಳು ಗಂಟೆ. ನರ್ಸ್ ಪುಟ್ಟ ಸಿರಿಂಜು ತಂದಿದ್ದಾಳೆ: ಹೆಪ್ಪು ತಡೆಯುವ ಎನಾಕ್ಸಾಪರಿನ್, 40 ಮಿಲಿಗ್ರಾಂ. ನಾಳೆ ಬೆನ್ನಿಗೆ ಅರಿವಳಿಕೆ ಕೊಡುವ ಹೊತ್ತಿಗೆ 12 ಗಂಟೆಯಾದರೂ ಕಳೆದಿರಬೇಕು, ಅದಕ್ಕೇ ಈಗ. ಆಯಿಯ ಮೂತ್ರಪಿಂಡದ ವರದಿ ನೋಡಿಯೇ ಪ್ರಮಾಣ ಬರೆದಿದ್ದಾರೆ. ಹೊಕ್ಕುಳಿನಿಂದ ಸರಿದು ಹೊಟ್ಟೆಯ ಚರ್ಮವನ್ನು ಮಡಿಕೆ ಹಿಡಿದು ಚುಚ್ಚುತ್ತಾಳೆ. ನೀವು ಉಜ್ಜಲು ಕೈ ಚಾಚಿದರೆ ತಡೆಯುತ್ತಾಳೆ. ಉಜ್ಜಿದರೆ ಅಲ್ಲಿ ರಕ್ತ ಕಂದುಗಟ್ಟುತ್ತದೆ.

ರಕ್ತ ನಿಲ್ಲದೇ ಹೋದರೆ ಎಂಬ ಭಯ ನಿಮಗೆ. ನಿಮ್ಮ ಕಾಲನ್ನೇ ನೋಡಿಕೊಳ್ಳಿ. ಬೆಳಿಗ್ಗೆ ಉಂಬಳ ಕಚ್ಚಿದ ಜಾಗದಿಂದ ಎಷ್ಟೋ ಹೊತ್ತು ರಕ್ತ ಸೋರಿತ್ತು. ಉಂಬಳದಂಥ ಜಿಗಣೆಗಳಲ್ಲಿ ಹೆಪ್ಪು ತಡೆಯುವ ಪದಾರ್ಥವಿದೆಯೆಂದು ಜಾನ್ ಬೆರ್ರಿ ಹೇಕ್ರಾಫ್ಟ್ 1884ರಲ್ಲೇ ತೋರಿಸಿದ್ದರು. ಆಯಿಗೆ ಕೊಟ್ಟದ್ದು ಬೇರೆ ವಂಶದ ಮದ್ದು. ಅದರ ಮೂಲ ಹೆಪಾರಿನ್. 1916ರಲ್ಲಿ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ ನಾಯಿಯ ಪಿತ್ತಜನಕಾಂಗ ಶೋಧಿಸುತ್ತಿದ್ದಾಗ ಸಿಕ್ಕ ಜಾಡು.

ಭಯವಿದ್ದರೂ ಈ ಮದ್ದು ಏಕೆ ಬೇಕೆಂದು ತೋರಿಸಿಕೊಟ್ಟವರು ಭಾರತ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್. 1975ರಲ್ಲಿ ಅವರ ನೇತೃತ್ವದ ಅಧ್ಯಯನ ಪ್ರಕಟವಾಯಿತು. ದೊಡ್ಡ ಆಪರೇಷನ್ ಆದ, 40 ವರ್ಷ ದಾಟಿದ 4,121 ಜನ ಅದರಲ್ಲಿದ್ದರು. ಶ್ವಾಸಕೋಶದ ದೊಡ್ಡ ಹೆಪ್ಪಿನಿಂದ ಸತ್ತವರು ಹೆಪಾರಿನ್ ಪಡೆಯದ ಅರ್ಧದಲ್ಲಿ 16, ಪಡೆದ ಅರ್ಧದಲ್ಲಿ 2. ಇಷ್ಟು ತಿಳಿದ ಮೇಲೂ, 2006–07ರಲ್ಲಿ ಭಾರತದ 10 ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಅಪಾಯದಲ್ಲಿದ್ದ ಆರು ರೋಗಿಗಳಲ್ಲಿ ಸುಮಾರು ಒಬ್ಬರಿಗಷ್ಟೇ ಈ ರಕ್ಷಣೆ ಸಿಕ್ಕಿತ್ತು. ಇದು ನನಗೆ ಸಂಕಟದ ಸಂಗತಿ. ಮದ್ದು ಇತ್ತು, ತಿಳಿವಳಿಕೆಯೂ ಇತ್ತು.

ಎಲ್ಲರಿಗೂ ಚುಚ್ಚುವ ಮದ್ದೂ ಇದಲ್ಲ. ಸಿದ್ದಾಪುರದ ಕಡೆಯಿಂದ ಮಂಗನ ಕಾಯಿಲೆ ಹಿಡಿದು ಬಂದವರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತ ಒಸರುತ್ತಿದ್ದರೆ ಹೆಪಾರಿನ್ ಕೇಡೇ ಮಾಡೀತು. ಅಂಥವರಿಗೆ ಕಾಲಿಗೆ ಸುತ್ತಿ ಗಾಳಿ ತುಂಬಿ ಬಿಡುವ ಪಟ್ಟಿ, ಪಾದದ ವ್ಯಾಯಾಮ, ಆದಷ್ಟು ಬೇಗ ಎದ್ದು ಕೂರುವುದು. ಆದ್ದರಿಂದ ದಾಖಲಾದ ದಿನವೇ ಡಾಕ್ಟರನ್ನು ಕೇಳಿ: “ಹೆಪ್ಪುಗಟ್ಟುವ ಅಪಾಯ ಎಷ್ಟು? ರಕ್ತಸ್ರಾವದ್ದೆಷ್ಟು? ಏನು ಕೊಡ್ತೀರಿ?”

ಆಪರೇಷನ್ನಿನ ಮರುದಿನ ಆಯಿಯನ್ನು ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ನಾಲ್ಕು ಹೆಜ್ಜೆ. ನೀವು ಹಿಂದೆ ಸರಿದು ಜಾಗ ಕೊಡಿ.

ಡಿಸ್ಚಾರ್ಜಿನ ಹೊತ್ತಿಗೆ ಎಚ್ಚರ ತಪ್ಪುವುದು ಸುಲಭ. ಸೊಂಟದ ಎಲುಬಿನ ಆಪರೇಷನ್ ಆದವರಿಗೆ ಹೆಪ್ಪುಗಟ್ಟುವ ಅಪಾಯ ವಾರಗಟ್ಟಲೆ ಉಳಿಯುತ್ತದೆ. ಮದ್ದನ್ನು 35 ದಿನದವರೆಗೂ ಬರೆಯುವುದುಂಟು. ಯಾವ ತಾರೀಖಿನವರೆಗೆ, ಮನೆಯಲ್ಲಿ ಚುಚ್ಚುವವರು ಯಾರು, ಬದಲಿಗೆ ಮಾತ್ರೆ ಆದೀತೇ ಎಂದು ಹುಬ್ಬಳ್ಳಿ ಬಿಡುವ ಮೊದಲೇ ಬರೆಸಿಕೊಳ್ಳಿ. ಮತ್ತಿಘಟ್ಟದ ಮಳೆಯಲ್ಲಿ ಒಂದು ಸಿರಿಂಜಿಗಾಗಿ ಶಿರಸಿಗೆ ಓಡುವುದು ಹುಡುಗಾಟವಲ್ಲ.

ಮನೆಯಲ್ಲಿ ಒಂದೇ ಕಾಲು ಊದಿ ಮೀನಖಂಡ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಬ್ಬಸ, ಎದೆನೋವು, ಕಣ್ಣು ಕತ್ತಲೆ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನು ಮಾಡಿ. ಅದು ಬರುವುದು ತಡವಾದೀತೆನಿಸಿದರೆ ಪಕ್ಕದ ಮನೆಯ ಜೀಪನ್ನೇ ಹೊರಡಿಸಿ.