ನೆಲಕ್ಕಿಳಿದ ನಕ್ಷತ್ರ

ಕಾದಂಬರಿ ಓದಿ ಆಮೇಲೆ ಚಿತ್ರ ನೋಡುವವರದು ಒಂದು ಪಂಗಡ. ಚಿತ್ರ ನೋಡಿ ಆಮೇಲೆ ಕಾದಂಬರಿಗೆ ಕೈಹಾಕುವವರದು ಇನ್ನೊಂದು. ಮೊದಲನೆಯವರಿಗೆ ಗೊಣಗುವ ಸುಖವುಂಟು. ಎರಡನೆಯವರಿಗೆ ಕತೆ ಗೊತ್ತಿರುವುದರಿಂದ ಅವಸರವಿಲ್ಲ. ನೀಲ್ ಗೈಮನ್‌ನ ‘ಸ್ಟಾರ್‌ಡಸ್ಟ್’ ವಿಷಯದಲ್ಲಿ ನಾನು ಎರಡನೆಯ ಪಂಗಡದವನು. ಮ್ಯಾಥ್ಯೂ ವಾನ್ ನಿರ್ದೇಶಿಸಿದ 2007ರ ಚಿತ್ರವನ್ನು ನೋಡಿ ನಕ್ಕು ನಲಿದು, ಬಳಿಕ 1999ರ ಕಾದಂಬರಿಯನ್ನು ತೆರೆದೆ.

ಮೇಲುನೋಟಕ್ಕೆ ಅಜ್ಜಿಕತೆಯೇ. ಇಂಗ್ಲೆಂಡಿನ ‘ವಾಲ್’ ಎಂಬ ಹಳ್ಳಿ, ಪಕ್ಕದ ಗೋಡೆಯಲ್ಲೊಂದು ಕಂಡಿ, ಕಂಡಿಯಾಚೆ ಕಿನ್ನರಲೋಕ. ಟ್ರಿಸ್ಟ್ರನ್ ಎಂಬ ಹುಡುಗ, ಬಿದ್ದ ನಕ್ಷತ್ರವನ್ನು ತಂದುಕೊಡುವೆನೆಂದು ವಿಕ್ಟೋರಿಯ ಎಂಬ ಚೆಲುವೆಗೆ ಮಾತುಕೊಟ್ಟು ಆಚೆ ಹೋಗುತ್ತಾನೆ. ನೋಡಿದರೆ ನಕ್ಷತ್ರವೆಂಬುದು ಕಾಲು ಮುರಿದುಕೊಂಡು ಕುಳಿತ ಸಿಡುಕಿನ ಹೆಣ್ಣು. ಬಿದ್ದೊಡನೆ ಆಕೆಯ ಬಾಯಿಂದ ಬರುವ ಬೈಗುಳವನ್ನು ಈ ಪುಟದಲ್ಲಿ ಅಚ್ಚುಹಾಕುವಂತಿಲ್ಲ. ದೊಡ್ಡವರ ಕಿನ್ನರಕತೆಯೆಂದರೆ ಇಷ್ಟೇ, ಬೈಗುಳ, ರಕ್ತ, ಒಂದಿಷ್ಟು ಶೃಂಗಾರ, ಎಂದುಕೊಳ್ಳುವವರುಂಟು. ಅಷ್ಟೇ ಅಲ್ಲ.

ವಿಕ್ಟೋರಿಯಳನ್ನೇ ನೋಡಿ. ಚಿತ್ರದಲ್ಲಿ ಬರಿಯ ಬಿಂಕದ ಹುಡುಗಿ. ಪುಸ್ತಕದಲ್ಲಿ ಮನಸ್ಸು ಬೇರೊಬ್ಬನಲ್ಲಿದ್ದರೂ, ಆಡಿದ ಮಾತಿಗೆ ಕಟ್ಟುಬಿದ್ದು ಟ್ರಿಸ್ಟ್ರನ್‌ನನ್ನು ಮದುವೆಯಾಗಲು ಸಿದ್ಧಳಾಗಿ ನಿಂತಿರುತ್ತಾಳೆ. ಅವನೇ ಆಕೆಯನ್ನು ಬಿಡಿಸಬೇಕಾಗುತ್ತದೆ. ಮಾಟಗಾತಿಯೂ ಹಾಗೆಯೇ. ನಕ್ಷತ್ರದ ಹೃದಯವನ್ನು ಕಿತ್ತು ಯೌವನ ಪಡೆಯಲು ಹೊರಟವಳು. ಚಿತ್ರದಲ್ಲಿ ದೊಡ್ಡ ಕಾಳಗವಾಗಿ, ಕಣ್ಣು ಕೋರೈಸುವ ಬೆಳಕಿನಲ್ಲಿ ಅವಳ ನಾಶ. ಪುಸ್ತಕದಲ್ಲಿ ಕಾಳಗವೇ ಇಲ್ಲ. ಹೃದಯವನ್ನು ಒಬ್ಬನಿಗೆ ಕೊಟ್ಟಾಯಿತೆಂದು ನಕ್ಷತ್ರ ಹೇಳುತ್ತಾಳೆ. ಬರಿಗೈಯಲ್ಲಿ ಹೋದರೆ ಒಡಹುಟ್ಟಿದವರು ಏನು ಮಾಡುವರೋ ಎಂದು ಅಳುಕುವ ಆ ಮುದುಕಿಯ ಕೆನ್ನೆಗೆ ಮುತ್ತಿಟ್ಟು ಕಳುಹಿಸುತ್ತಾಳೆ.

ಇನ್ನು ಕೊನೆಯ ಪುಟ. ಚಿತ್ರದಲ್ಲಿ ಗಂಡಹೆಂಡಿರು 80 ವರ್ಷ ರಾಜ್ಯವಾಳಿ, ಮಾಯದ ಮೇಣದಬತ್ತಿ ಹಚ್ಚಿ, ಜೊತೆಯಾಗಿಯೇ ಆಕಾಶ ಸೇರುತ್ತಾರೆ. ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿದ್ದೇವೆ ಎಂದು ನಮ್ಮ ಅಜ್ಜಿಯರು ಮುಗಿಸುತ್ತಿದ್ದರಲ್ಲ, ಆ ಬಗೆಯದು. ಗೈಮನ್ ಮಾತ್ರ ಆಮೇಲೇನಾಯಿತೆಂದು ಹೇಳದೆ ಬಿಡುವುದಿಲ್ಲ. ಟ್ರಿಸ್ಟ್ರನ್ ಮನುಷ್ಯ, ಒಂದು ದಿನ ಸಾಯುತ್ತಾನೆ. ನಕ್ಷತ್ರ ಉಳಿಯುತ್ತಾಳೆ. ಮರಳಿ ಹೋಗಲು ದಾರಿಯಿಲ್ಲ. ರಾಜ್ಯವನ್ನು ಚೆನ್ನಾಗಿಯೇ ಆಳುತ್ತಾಳೆ. ರಾತ್ರಿ, ಕೆಲಸ ಮುಗಿದ ಮೇಲೆ, ಕುಂಟುತ್ತ ಅರಮನೆಯ ತುತ್ತತುದಿಗೆ ಹತ್ತಿ, ಒಬ್ಬಳೇ ಚಳಿಗಾಳಿಯಲ್ಲಿ ನಿಂತು ಮೇಲಿರುವ ತನ್ನವರನ್ನು ನೋಡುತ್ತಾಳೆ. ಬಿದ್ದ ದಿನ ಮುರಿದ ಕಾಲು ಅದು. ಅಷ್ಟು ಕಾಲ ರಾಣಿಯಾಗಿದ್ದರೂ ಕುಂಟು ಹೋಗಲಿಲ್ಲ.

ಚಿತ್ರ ಮಾಡಿದವರನ್ನು ನಾನು ದೂರಲಾರೆ. ಟಿಕೆಟು ಕೊಂಡು ಮಕ್ಕಳೊಡನೆ ಬಂದವರನ್ನು ಆ ಗೋಪುರದ ತುದಿಯಲ್ಲಿ ಬಿಟ್ಟು ದೀಪ ಹಾಕುವುದು ಹೇಗೆ? ಪುಸ್ತಕ ಓದುವವನು ಒಬ್ಬನೇ ಕುಳಿತಿರುತ್ತಾನೆ, ಅವನಿಗೆ ಹೇಳಬಹುದು.

ನನ್ನಾಕೆಯೂ ಪುಸ್ತಕ ಓದಿದಳು. ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಿನಿಮಾದ ಕೊನೆಯೇ ವಾಸಿ’ ಎಂದಳು. ತರಗತಿಯಲ್ಲಾದರೆ ಇದಕ್ಕೆ ನನ್ನ ಬಳಿ ಒಂದು ಗಂಟೆಯ ಉತ್ತರವಿತ್ತು. ಆಡಲಿಲ್ಲ.